ಹಾಳು ಗೋಡೆಯೂ ಜೀವಂತ ಸಭೆಯೂ: ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಚರಿತ್ರೆಯನ್ನು ಓದುವ ಬಗೆ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಗೋಡೆಗಳು ನಿಂತಿವೆ. ಫ್ರಾನ್ಸಿನಿಂದ ಬಂದ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿಸಿದ ಗಾಥಿಕ್ ಶೈಲಿಯ ಈ ದೇವಾಲಯಕ್ಕೆ ಇಂದು ಚಾವಣಿಯಿಲ್ಲ, ಬಾಗಿಲಿಲ್ಲ, ಬಲಿಪೂಜೆಯಿಲ್ಲ. ಗೊರೂರಿನಲ್ಲಿ ಅಣೆಕಟ್ಟು ಎದ್ದಿತು. ಊರು ತನ್ನ ನೆಲ ಬಿಟ್ಟು ಹೋಯಿತು. ದೇವಾಲಯ ಮಾತ್ರ ಅಲ್ಲಿಯೇ ಉಳಿಯಿತು. ಮಳೆ ಚೆನ್ನಾಗಿ ಆದ ವರ್ಷ ನೀರು ಗೋಡೆಗಳ ನಡುವಿನವರೆಗೆ ಏರುತ್ತದೆ, ಬೇಸಿಗೆಯಲ್ಲಿ ಇಳಿದು ಒಣಗಿದ ಮಣ್ಣನ್ನು ಬಿಟ್ಟುಹೋಗುತ್ತದೆ.

ಈ ದೇವಾಲಯದ ಕುರಿತು ಕನ್ನಡದಲ್ಲಿ ಬರಹಗಳಿಗೆ ಕೊರತೆಯಿಲ್ಲ. ದಿನಪತ್ರಿಕೆಗಳ ವಾರಾಂತ್ಯ ಪುರವಣಿಗಳಲ್ಲಿ, ಪ್ರವಾಸ ಕೈಪಿಡಿಗಳಲ್ಲಿ, ಧರ್ಮಪ್ರಾಂತ್ಯಗಳ ಸ್ಮರಣ ಸಂಚಿಕೆಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೂ ಬರೆಯಬೇಕಾದ ಚರಿತ್ರೆಯನ್ನು ಇನ್ನೂ ಸರಿಯಾಗಿ ಬರೆದಿಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಬರಹಗಳು ಹೇಳುವ ಚರಿತ್ರೆ ಒಂದು ಕಟ್ಟಡದ್ದು. ನಮಗೆ ಬೇಕಾದ ಚರಿತ್ರೆ ಒಂದು ಧರ್ಮಕೇಂದ್ರದ್ದು. ಎರಡೂ ಒಂದೇ ಎಂದು ಭಾವಿಸಿದ ಕಾರಣದಿಂದಲೇ ಕಟ್ಟಡದ ಬಳಕೆ ನಿಂತ ದಿನ ಕಥೆಯೂ ಮುಗಿಯಿತೆಂದು ಎಲ್ಲರೂ ನಂಬಿದ್ದಾರೆ. ಈ ಲೇಖನದಲ್ಲಿ ಪ್ರಚಲಿತವಾಗಿರುವ ಮೂರು ಕಥನಗಳನ್ನು ಒಂದೊಂದಾಗಿ ಪರಿಶೀಲಿಸಿ, ಧರ್ಮಸಭೆಯ ಕಾನೂನೂ ದೈವಶಾಸ್ತ್ರವೂ ಅವುಗಳ ಬಗ್ಗೆ ಏನನ್ನು ಹೇಳುತ್ತವೆಂದು ವಿಚಾರ ಮಾಡುತ್ತೇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಬಯಲಿನಲ್ಲಿ ಚದುರಿಕೊಂಡಿರುವ ಸಣ್ಣ ಸಭೆಗಳಿಗೆ ದೂರದ ಶೆಟ್ಟಿಹಳ್ಳಿಯಿಂದ ಆಗಬೇಕಾದುದೇನು ಎಂಬ ಪ್ರಶ್ನೆಯನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತೇವೆ.

1. ಪ್ರವಾಸಿಯ ಕಥನ

ಮೊದಲನೆಯದು ಎಲ್ಲರಿಗೂ ಪರಿಚಿತವಾದ ಕಥನ. ಇದರಲ್ಲಿ ದೇವಾಲಯದ ಹೆಸರು ‘ಮುಳುಗುವ ಚರ್ಚು’. ಮಳೆಗಾಲದಲ್ಲಿ ತೆಪ್ಪದಲ್ಲಿ ಹೋಗಿ ನೋಡಬೇಕು, ಬೇಸಿಗೆಯಲ್ಲಿ ನಡೆದು ಹೋಗಿ ನೋಡಬೇಕು. ಬೆಳಕು ಯಾವ ಹೊತ್ತಿನಲ್ಲಿ ಕಮಾನುಗಳ ಮೇಲೆ ಬೀಳುತ್ತದೆ, ಹಕ್ಕಿಗಳು ಯಾವ ತಿಂಗಳಲ್ಲಿ ಬರುತ್ತವೆ ಎಂಬ ವಿವರಗಳು ಇದರಲ್ಲಿ ತುಂಬಿರುತ್ತವೆ. ಬೆಲ್ಲ ಮತ್ತು ಮೊಟ್ಟೆ ಬೆರೆಸಿದ ಗಾರೆಯಿಂದ ಗೋಡೆಗಳನ್ನು ಕಟ್ಟಿದರೆಂಬ ಮಾತೂ ತಪ್ಪದೆ ಬರುತ್ತದೆ. ಮದುವೆಗೆ ಮೊದಲು ಜೋಡಿಗಳು ಚಿತ್ರ ತೆಗೆಸಿಕೊಳ್ಳುವ ತಾಣವಾಗಿಯೂ ಅದು ಹೆಸರಾಗಿದೆ.

ಈ ಕಥನದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಛಾಯಾಗ್ರಾಹಕರು ಬಾರದಿದ್ದರೆ ಶೆಟ್ಟಿಹಳ್ಳಿಯ ಹೆಸರು ಹಾಸನ ಜಿಲ್ಲೆಯ ಹೊರಗೆ ಇಷ್ಟು ಕೇಳಿಬರುತ್ತಿರಲಿಲ್ಲ. ಹಾಳಾಗುತ್ತಿರುವ ಗೋಡೆಗಳ ಸ್ಥಿತಿ ವರ್ಷದಿಂದ ವರ್ಷಕ್ಕೆ ದಾಖಲಾಗುತ್ತಿರಲಿಲ್ಲ. ಆದರೆ ಈ ಬರಹಗಳನ್ನು ಸಾಲಾಗಿ ಓದುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅವುಗಳಲ್ಲಿ ಮನುಷ್ಯರಿಲ್ಲ. ಅಲ್ಲಿ ದೀಕ್ಷಾಸ್ನಾನ ಪಡೆದವರಾರು, ಮದುವೆಯಾದವರಾರು, ಅವರು ಯಾವ ಬೆಳೆ ಬೆಳೆಯುತ್ತಿದ್ದರು, ಎದ್ದುಹೋದ ಮೇಲೆ ಎಲ್ಲಿ ನೆಲೆಸಿದರು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ನಮ್ಮ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಊರಿನವರು ಹೋದ ಮೇಲೆ ಬಂದ ಪ್ರವಾಸಿಯೇ ಆ ಹಾಳೂರಿನ ಗೌಡನಾಗಿ ಕಥೆ ಹೇಳುತ್ತಿದ್ದಾನೆ.

‘ಮುಳುಗುವ ಚರ್ಚು’ ಎಂಬ ಹೆಸರಿನಲ್ಲಿ ಇನ್ನೊಂದು ದೋಷವಿದೆ. ಮುಳುಗುವುದು ಚರ್ಚಿನ ಸ್ವಭಾವವೆಂಬಂತೆ ಆ ಮಾತು ಕೇಳಿಸುತ್ತದೆ. ದೇವಾಲಯ ಕಟ್ಟಿದವರು ನದಿಯ ಪ್ರವಾಹ ತಿಳಿಯದೆ ಕಟ್ಟಿದವರಲ್ಲ. ಸುಮಾರು ನೂರು ವರ್ಷ ಅಲ್ಲಿ ಜನ ಕಾಲೊದ್ದೆಯಾಗದೆ ಪೂಜೆಗೆ ಬಂದಿದ್ದಾರೆ. ನೀರು ಬಂದುದು ಒಂದು ನಿರ್ಧಾರದಿಂದ. ನಿರ್ಧಾರವನ್ನು ಪ್ರಕೃತಿಯ ಲೀಲೆಯೆಂಬಂತೆ ಹೇಳಿದಾಗ ಅದರ ಹೊಣೆಯೂ ಅದರ ಬೆಲೆಯೂ ಮರೆಯಾಗುತ್ತವೆ.

ಬೋಧನಾ ಪೀಠದಲ್ಲಿ ನಿಲ್ಲುವವರಿಗೂ ಇದೇ ಬಗೆಯ ಒಂದು ಪ್ರಲೋಭನೆಯುಂಟು. ನೀರಿನಲ್ಲಿ ನಿಂತ ದೇವಾಲಯವನ್ನು ಕಂಡು, ಅದಕ್ಕೆ ಪ್ರತಿವರ್ಷವೂ ದೀಕ್ಷಾಸ್ನಾನವಾಗುತ್ತಿದೆ ಎಂದು ಹೇಳುವುದು ಸುಲಭ. ಕೇಳಲು ಇಂಪಾಗಿಯೂ ಇರುತ್ತದೆ. ದೈವಶಾಸ್ತ್ರದ ದೃಷ್ಟಿಯಿಂದ ಅದು ಸಲ್ಲದು. ಸಂಸ್ಕಾರಗಳು ಮನುಷ್ಯರಿಗಾಗಿ ಇವೆ, ಕಲ್ಲುಗಳಿಗಲ್ಲ. ದೀಕ್ಷಾಸ್ನಾನದ ನೀರಿಗೆ ಇಳಿಯುವವನು ಅಥವಾ ಅವನ ಪರವಾಗಿ ಅವನ ತಂದೆತಾಯಿಗಳು ಅದನ್ನು ಬೇಡಿ ಪಡೆಯುತ್ತಾರೆ. ಶೆಟ್ಟಿಹಳ್ಳಿಯ ರೈತರು ಆ ನೀರನ್ನು ಬೇಡಿರಲಿಲ್ಲ. ಬೇಡದೆ ಬಂದ ನಷ್ಟವನ್ನು ಕೃಪೆಯ ಸಂಕೇತವೆಂದು ಕರೆಯುವ ಅಧಿಕಾರ, ಏನಾದರೂ ಇದ್ದರೆ, ಆ ನಷ್ಟವನ್ನು ಅನುಭವಿಸಿದವರಿಗೆ ಮಾತ್ರ ಇದೆ.

2. ನೀರಾವರಿಯ ಕಥನ

ಎರಡನೆಯದು ಸರ್ಕಾರಿ ಕಡತಗಳ ಕಥನ. ಕಾವೇರಿಯ ಉಪನದಿಯಾದ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ 2922 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ಇದರ ನೀರು ಹರಿಯುತ್ತದೆ. ಈ ಕಥನದಲ್ಲಿ ದೇವಾಲಯಕ್ಕೆ ಇರುವ ಸ್ಥಾನ ‘ಮುಳುಗಡೆ ಪ್ರದೇಶ’ ಎಂಬ ಒಂದು ಪದ ಮಾತ್ರ.

ಅಣೆಕಟ್ಟು ಕೆಡುಕೆಂದು ನಾವು ಹೇಳುತ್ತಿಲ್ಲ. ಮೂರು ಜಿಲ್ಲೆಗಳ ರೈತರ ಬಾಯಿಗೆ ಅನ್ನ ಕೊಟ್ಟ ನೀರನ್ನು ಕ್ರೈಸ್ತ ಗುರುವೊಬ್ಬನು ಹಗುರವಾಗಿ ಮಾತನಾಡಬಾರದು. ಸಾರ್ವತ್ರಿಕ ಹಿತವೆಂಬುದು ಧರ್ಮಸಭೆಯ ಸಾಮಾಜಿಕ ಬೋಧನೆಯ ಅಡಿಗಲ್ಲುಗಳಲ್ಲಿ ಒಂದು. ಆದರೆ ಸಾರ್ವತ್ರಿಕ ಹಿತಕ್ಕಾಗಿ ಕೆಲವರು ಬಿಟ್ಟುಕೊಟ್ಟದ್ದನ್ನು ಲೆಕ್ಕ ಇಡಬೇಕೆಂಬುದೂ ಅದೇ ಬೋಧನೆಯ ಭಾಗ. ಆ ಕಾಲದಲ್ಲಿ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆ ಬೆಲೆ ಕಟ್ಟಿದ್ದು ಜಮೀನಿಗೆ, ಮನೆಗೆ, ಮರಕ್ಕೆ. ಒಂದು ಊರು ಒಟ್ಟಾಗಿ ಮೊಣಕಾಲೂರುತ್ತಿದ್ದ ನೆಲಕ್ಕೆ, ತಾತ ಮುತ್ತಾತಂದಿರ ಸಮಾಧಿಗಳಿಗೆ, ಹಬ್ಬದ ಮೆರವಣಿಗೆ ಸಾಗುತ್ತಿದ್ದ ದಾರಿಗೆ ಬೆಲೆ ಕಟ್ಟುವ ಅಂಕಣ ಅದರಲ್ಲಿ ಇರಲಿಲ್ಲ.

ಮುಳುಗಡೆಯ ನೋವು ಕ್ರೈಸ್ತರಿಗೆ ಮಾತ್ರ ಬಂದದ್ದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಇದೇ ಕಾವೇರಿ ಕಣಿವೆಯಲ್ಲಿ, 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತು. ಹೊಯ್ಸಳರ ಕಾಲದ ಆ ದೇವಸ್ಥಾನವನ್ನು ಬಹುಕಾಲದ ನಂತರ ಕಲ್ಲುಕಲ್ಲಾಗಿ ಬಿಚ್ಚಿ, ಗುರುತು ಹಾಕಿ, ಎತ್ತರದ ನೆಲಕ್ಕೆ ಸಾಗಿಸಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಲಾಯಿತು. ಶೆಟ್ಟಿಹಳ್ಳಿಗೆ ಅಂಥ ಭಾಗ್ಯ ಏಕೆ ಬರಲಿಲ್ಲವೆಂದು ಕೇಳುವವರಿದ್ದಾರೆ. ಇಟ್ಟಿಗೆ ಗಾರೆಯ ಗೋಡೆಯನ್ನು ಕಲ್ಲಿನ ಮಂಟಪದಂತೆ ಬಿಚ್ಚಿ ಜೋಡಿಸಲು ಬರುವುದಿಲ್ಲವೆಂಬುದು ಒಂದು ಉತ್ತರ. ನಮಗೆ ಅದಕ್ಕಿಂತ ಮುಖ್ಯವಾದುದು ಇನ್ನೊಂದು ಉತ್ತರ. ಧರ್ಮಸಭೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಮೊದಲು ಎತ್ತಿಕೊಂಡು ಹೋಗುವುದು ಪರಮಪ್ರಸಾದವನ್ನು, ಪೂಜಾಪಾತ್ರೆಗಳನ್ನು, ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು. ಗೋಡೆ ಹಿಂದೆ ಉಳಿಯಬಹುದು. ಇದು ಗೋಡೆಯ ಬಗ್ಗೆ ತಾತ್ಸಾರವಲ್ಲ. ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮ.

3. ಧರ್ಮಪ್ರಚಾರಕರ ಕಥನ

ಮೂರನೆಯ ಕಥನ ನಮ್ಮದೇ. ಧರ್ಮಪ್ರಾಂತ್ಯದ ಚರಿತ್ರೆಗಳು ಅದನ್ನು ಹೇಳುವ ಬಗೆ ಹೆಚ್ಚುಕಡಿಮೆ ಹೀಗೆ. 17ನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಗೆ ಬಂದರು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಈ ಕ್ಷೇತ್ರ ಪ್ಯಾರಿಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಕೈಗೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಅದೇ ಸಂಸ್ಥೆಯ ಅಬ್ಬೆ ದ್ಯುಬ್ವಾ ಚದುರಿದ ಸಭೆಗಳನ್ನು ಒಟ್ಟುಗೂಡಿಸಿದರು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಕ್ಷೇತ್ರವಾಗಿ ಮಾನ್ಸಿಞೋರ್ ಶಾರ್ಬೊನೊ ಅದರ ಮೊದಲ ಅಧಿಪತಿಯಾದರು. 1860ರ ದಶಕದಲ್ಲಿ ಶೆಟ್ಟಿಹಳ್ಳಿಯ ದೇವಾಲಯ ಎದ್ದಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರೂಪುಗೊಂಡಾಗ ಹಾಸನ ಸೀಮೆ ಅದಕ್ಕೆ ಸೇರಿತು.

ಇವೆಲ್ಲ ನಿಜ, ಗೌರವಾರ್ಹ. ಬೇರೆ ಯಾರೂ ದಾಖಲಿಸದ ಕಾಲದಲ್ಲಿ ಈ ಚರಿತ್ರೆಗಳನ್ನು ಬರೆದ ಗುರುಗಳಿಗೆ ನಾವು ಋಣಿಗಳು. ಆದರೆ ಈ ಕಥನದ ಕರ್ತೃಪದವನ್ನು ಗಮನಿಸಬೇಕು. ಬಂದವರು, ಕಟ್ಟಿದವರು, ನೇಮಿಸಿದವರು ಎಲ್ಲರೂ ಹೊರಗಿನಿಂದ ಬಂದವರೇ. ಕನ್ನಡದ ರೈತ ಈ ವಾಕ್ಯಗಳಲ್ಲಿ ಕರ್ಮಪದವಾಗಿ ಮಾತ್ರ ಬರುತ್ತಾನೆ: ಅವನನ್ನು ಸೇರಿಸಿದರು, ಅವನಿಗೆ ಕಟ್ಟಿಕೊಟ್ಟರು, ಅವನಿಗೆ ಬೋಧಿಸಿದರು. ಹಾಗಾಗಿ ಕಟ್ಟಿದವರು ತಮ್ಮ ದೇಶಕ್ಕೆ ಮರಳಿದಾಗ, ಕಟ್ಟಿದ್ದು ಬಿದ್ದಾಗ, ಈ ಕಥನಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಪ್ರವಾಸಿಯ ಕಥನದಂತೆ ಇದೂ ಕಟ್ಟಡದೊಡನೆ ಮುಗಿಯುತ್ತದೆ.

ಅಬ್ಬೆ ದ್ಯುಬ್ವಾ ಅವರ ಉದಾಹರಣೆಯನ್ನೇ ಸ್ವಲ್ಪ ನಿಂತು ನೋಡೋಣ. 1823ರಲ್ಲಿ ಅವರು ಭಾರತವನ್ನು ಬಿಟ್ಟು ಹೋದರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಅಂದಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವ ಪ್ರಯತ್ನ ಫಲಿಸದೆಂಬುದು ಆ ಪತ್ರಗಳ ವಾದ. ಆದರೆ ಅದೇ ದ್ಯುಬ್ವಾ ಮೈಸೂರು ಸೀಮೆಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಲೇಖನಿ ನಿರಾಶೆಯನ್ನು ಬರೆಯಿತು, ಕೈ ಭರವಸೆಯನ್ನು ನೆಟ್ಟಿತು. ನಮ್ಮ ಚರಿತ್ರೆಕಾರರು ಲೇಖನಿಯನ್ನು ಕುರಿತು ಪುಟಗಟ್ಟಲೆ ಚರ್ಚಿಸಿದ್ದಾರೆ. ಕೈ ನೆಟ್ಟದ್ದು ಬೆಳೆದ ಬಗೆಯನ್ನು ಕುರಿತು ಬಹಳ ಕಡಮೆ. ದ್ಯುಬ್ವಾ ಹೋದ ನಾಲ್ಕು ದಶಕಗಳೊಳಗೆ ಹಾಸನ ಸೀಮೆಯ ಒಂದು ಹಳ್ಳಿಯಲ್ಲಿ ಅಷ್ಟು ಎತ್ತರದ ದೇವಾಲಯ ಏಳಬೇಕಾದರೆ, ಅದನ್ನು ತುಂಬುವ ಜನ, ಅದರ ಹಬ್ಬವನ್ನು ನಡೆಸುವ ಜನ ಇದ್ದಿರಲೇಬೇಕು. ಅವರ ವಿಶ್ವಾಸವೇ ಇಲ್ಲಿಯ ಮುಖ್ಯ ಘಟನೆ.

ಶೈಲಿಯ ವಿಚಾರದಲ್ಲಿಯೂ ಒಂದು ಮಾತು ಹೇಳಬೇಕು. ಶೆಟ್ಟಿಹಳ್ಳಿಯ ಚೂಪು ಕಮಾನುಗಳು ಎದ್ದ ಕಾಲದಲ್ಲಿಯೇ ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ದೊಡ್ಡ ಜೀರ್ಣೋದ್ಧಾರ 1864ರಲ್ಲಿ ಮುಗಿಯಿತು. ಮಧ್ಯಯುಗದ ಗಾಥಿಕ್ ಶೈಲಿಯೇ ನಿಜವಾದ ಕ್ರೈಸ್ತ ಶೈಲಿಯೆಂಬ ನಂಬಿಕೆ ಯೂರೋಪಿನಲ್ಲಿ ಬಲವಾಗಿದ್ದ ಕಾಲವದು. ಫ್ರೆಂಚ್ ಗುರುಗಳು ತಮ್ಮ ಊರಿನ ದೇವಾಲಯದ ರೂಪವನ್ನು ಹೇಮಾವತಿಯ ತೀರಕ್ಕೆ ತಂದರು. ಇದನ್ನು ಸಾಂಸ್ಕೃತಿಕ ದರ್ಪವೆಂದು ಇಂದು ತಳ್ಳಿಹಾಕುವುದು ಸುಲಭ. ಆದರೆ ಹಳ್ಳಿಯ ರೈತನೊಬ್ಬನಿಗೆ ರಾಜಧಾನಿಯ ಪ್ರಧಾನಾಲಯಕ್ಕೆ ಸಲ್ಲುವ ರೂಪವನ್ನು ಕೊಟ್ಟದ್ದರಲ್ಲಿ ಒಂದು ಗೌರವವೂ ಇತ್ತು. ಎರಡನ್ನೂ ಒಟ್ಟಿಗೆ ಕಾಣಬಲ್ಲ ವಿಮರ್ಶೆ ನಮಗೆ ಬೇಕು.

4. ಕಾನೂನು ಏನು ಹೇಳುತ್ತದೆ

ಮೂರು ಕಥನಗಳೂ ಕಟ್ಟಡವನ್ನೇ ಕರ್ತೃವಾಗಿ ಹಿಡಿದಿರುವಾಗ ಧರ್ಮಸಭೆಯ ಕಾನೂನು ಅವುಗಳಿಗಿಂತ ಸೂಕ್ಷ್ಮವಾಗಿ ಮಾತನಾಡುತ್ತದೆಂಬುದು ಹಲವರಿಗೆ ಆಶ್ಚರ್ಯವಾಗಬಹುದು. 1983ರ ಕಾನೂನು ಸಂಹಿತೆ ದೇವಾಲಯವನ್ನೂ ಧರ್ಮಕೇಂದ್ರವನ್ನೂ ಬೇರೆಬೇರೆ ಕಡೆಗಳಲ್ಲಿ, ಬೇರೆಬೇರೆ ವಸ್ತುಗಳಾಗಿ ನಿರೂಪಿಸುತ್ತದೆ. 1214ನೆಯ ನಿಯಮದ ಪ್ರಕಾರ ದೇವಾಲಯವು ದೈವಾರಾಧನೆಗೆ ಮೀಸಲಾದ ಪವಿತ್ರ ಕಟ್ಟಡ. 515ನೆಯ ನಿಯಮದ ಪ್ರಕಾರ ಧರ್ಮಕೇಂದ್ರವು ವಿಶ್ವಾಸಿಗಳ ಒಂದು ಸಮುದಾಯ; ಕ್ರಮವಾಗಿ ಸ್ಥಾಪಿತವಾದಾಗ ಅದು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯಂತೆ ಹಕ್ಕುಬಾಧ್ಯತೆಗಳನ್ನು ಪಡೆಯುತ್ತದೆ.

ಈ ಎರಡರ ಅಂತ್ಯವೂ ಬೇರೆ ಬೇರೆ. ಬಹುಭಾಗ ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆಂದು 1212ನೆಯ ನಿಯಮ ಹೇಳುತ್ತದೆ. ಆರಾಧನೆಗೆ ಯಾವ ರೀತಿಯಲ್ಲಿಯೂ ಬಳಸಲಾಗದ, ದುರಸ್ತಿಗೂ ಸಾಧ್ಯವಿಲ್ಲದ ದೇವಾಲಯವನ್ನು ಧರ್ಮಾಧ್ಯಕ್ಷರು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೀನವಾದುದಾಗಿರಬಾರದು ಎಂಬುದು 1222ನೆಯ ನಿಯಮ. ಧರ್ಮಕೇಂದ್ರದ ವಿಷಯ ಹಾಗಲ್ಲ. ಕಾನೂನಿನ ವ್ಯಕ್ತಿ ಸ್ವಭಾವತಃ ಶಾಶ್ವತ. ಅಧಿಕಾರವುಳ್ಳವರು ರದ್ದುಮಾಡಿದರೆ, ಅಥವಾ ನೂರು ವರ್ಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಮಾತ್ರ ಅದು ಇಲ್ಲವಾಗುತ್ತದೆ ಎಂದು 120ನೆಯ ನಿಯಮ ವಿಧಿಸುತ್ತದೆ. ಚಾವಣಿ ಬಿದ್ದರೆ ಕಟ್ಟಡದ ಪ್ರತಿಷ್ಠೆ ಹೋಗಬಹುದು. ಚಾವಣಿ ಬಿದ್ದಿತೆಂದು ಧರ್ಮಕೇಂದ್ರ ಸಾಯುವುದಿಲ್ಲ.

ಈ ಕಾನೂನಿನ ಹಿಂದೆ ಒಂದು ಹಳೆಯ ಶಬ್ದವಿದೆ. ಯೂರೋಪಿನ ಭಾಷೆಗಳಲ್ಲಿ ಧರ್ಮಕೇಂದ್ರಕ್ಕೆ ಬಳಸುವ ಪದಗಳು ಗ್ರೀಕಿನ ‘ಪರೋಯಿಕಿಯಾ’ ಎಂಬ ಪದದಿಂದ ಬಂದಿವೆ. ಅದರ ಅರ್ಥ ಪರಸ್ಥಳದಲ್ಲಿ ತಂಗಿರುವುದು. ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ ಕ್ರೈಸ್ತರ ಈ ಲೋಕದ ಬಾಳಿಗೆ ಇದೇ ಪದ ಬಂದಿದೆ. ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ವಿಶ್ವಾಸಿಗಳನ್ನು ಜೀವಂತ ಕಲ್ಲುಗಳಿಗೆ ಹೋಲಿಸಿದೆ. ತಂಗುವವರು ಮತ್ತು ಕಲ್ಲುಗಳು: ಒಂದು ನಡೆಯುತ್ತದೆ, ಇನ್ನೊಂದು ನಿಲ್ಲುತ್ತದೆ. ನಡೆಯಬಲ್ಲ ಕಲ್ಲುಗಳಿಂದ ಕಟ್ಟಿದ ಮನೆಯನ್ನು ಪತ್ರ ನಮ್ಮ ಮುಂದಿಡುತ್ತದೆ. ಶೆಟ್ಟಿಹಳ್ಳಿಯ ಜನರು ಮೂಟೆ ಕಟ್ಟಿಕೊಂಡು ಎತ್ತರದ ನೆಲಕ್ಕೆ ಹೊರಟಾಗ ಅವರ ಧರ್ಮಕೇಂದ್ರ ತನ್ನ ಹೆಸರಿನ ಮೂಲ ಅರ್ಥಕ್ಕೆ ಮರಳಿತೆಂದು ನಾವು ಹೇಳಬಯಸುತ್ತೇವೆ.

5. ಹಾಳಿನ ದೈವಶಾಸ್ತ್ರ

ಹಾಗಾದರೆ ಹಾಳುಗೋಡೆಗೆ ಬೆಲೆಯಿಲ್ಲವೇ? ಈ ತೀರ್ಮಾನಕ್ಕೆ ಧುಮುಕುವುದು ಇನ್ನೊಂದು ತಪ್ಪು. ಸಭೆಯೇ ಮುಖ್ಯ, ಕಟ್ಟಡ ಏನೂ ಅಲ್ಲ ಎಂಬ ಮಾತು ನಮ್ಮ ಗುರುಮಠಗಳಲ್ಲಿಯೂ ಕೇಳಿಬರುತ್ತದೆ. ಅದು ವಾಕ್ಯವು ಮನುಷ್ಯನಾದ ವಿಶ್ವಾಸಕ್ಕೆ ಒಪ್ಪುವ ಮಾತಲ್ಲ. ಪವಿತ್ರ ಗ್ರಂಥವೂ ಹಾಳನ್ನು ಮರೆಯುವುದಿಲ್ಲ, ಅದನ್ನು ಓದಲು ಕಲಿಸುತ್ತದೆ.

ಪ್ರವಾದಿ ಯೆರೆಮೀಯನು ಜೆರುಸಲೇಮಿನ ದೇವಾಲಯದ ಬಾಗಿಲಲ್ಲಿ ನಿಂತು, ಕಟ್ಟಡವಿದೆಯೆಂಬ ಭರವಸೆಯಿಂದ ಅನ್ಯಾಯ ಮಾಡುತ್ತಿದ್ದ ಜನರನ್ನು ಹಾಳಾದ ಶಿಲೋವಿಗೆ ಹೋಗಿ ನೋಡಿರೆಂದು ಕಳುಹಿಸುತ್ತಾನೆ (ಯೆರೆಮೀಯ 7). ಹಾಳು ಅಲ್ಲಿ ಎಚ್ಚರಿಕೆ. ಯೆಹೆಜ್ಕೇಲನ ದರ್ಶನದಲ್ಲಿ ದೇವರ ಮಹಿಮೆ ದೇವಾಲಯವನ್ನು ಬಿಟ್ಟು ಹೊರಡುತ್ತದೆ; ಚದುರಿದವರ ನಡುವೆ ದೇವರು ತಾವೇ ಪವಿತ್ರಾಲಯವಾಗುತ್ತಾರೆ (ಯೆಹೆಜ್ಕೇಲ 11). ಹಾಳು ಅಲ್ಲಿ ದೇವರ ಪಯಣದ ಗುರುತು. ಎಜ್ರನ ಗ್ರಂಥದಲ್ಲಿ ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಿದಾಗ ಕಿರಿಯರು ಸಂತೋಷದಿಂದ ಕೂಗಿದರು. ಹಳೆಯದನ್ನು ಕಂಡಿದ್ದ ಹಿರಿಯರು ಅತ್ತರು. ಅಳುವ ಧ್ವನಿ ಯಾವುದು, ಹರ್ಷದ ಧ್ವನಿ ಯಾವುದು ಎಂದು ಬೇರ್ಪಡಿಸಲು ಆಗಲಿಲ್ಲ (ಎಜ್ರ 3). ಹಾಳು ಅಲ್ಲಿ ದುಃಖ, ಮತ್ತು ಆ ದುಃಖವನ್ನು ಯಾರೂ ಗದರಿಸಲಿಲ್ಲ. ಮುಳುಗಡೆಯಿಂದ ಎದ್ದ ಪ್ರತಿಯೊಂದು ಸಭೆಯ ಮೊದಲ ಪೂಜೆಯನ್ನು ವರ್ಣಿಸಲು ಇದಕ್ಕಿಂತ ಸತ್ಯವಾದ ಅಧ್ಯಾಯ ನಮಗೆ ಸಿಕ್ಕಿಲ್ಲ.

ಬಿದ್ದ ದೇವಾಲಯ ಏನನ್ನು ಕಾಪಾಡಿಕೊಂಡಿರಬಲ್ಲುದೆಂಬುದಕ್ಕೆ ಹಳೆಯ ಗೋವೆಯ ಸಂತ ಆಗಸ್ಟೀನರ ದೇವಾಲಯ ಸಾಕ್ಷಿ. 1835ರಲ್ಲಿ ಸಂನ್ಯಾಸಿಗಳ ಸಭೆಗಳನ್ನು ಹೊರಹಾಕಿದಾಗ ಅದು ಬರಿದಾಯಿತು, 1842ರಲ್ಲಿ ಅದರ ಕಮಾನು ಚಾವಣಿ ಕುಸಿಯಿತು. ಇಂದು ಒಂಟಿ ಗೋಪುರವೊಂದು ನಿಂತಿದೆ. ಆದರೂ ಆ ಹಾಳಿನಲ್ಲಿ ನಡೆದ ಉತ್ಖನನದಿಂದ, 1624ರಲ್ಲಿ ಪರ್ಷಿಯಾದಲ್ಲಿ ರಕ್ತಸಾಕ್ಷಿಯಾದ ಜಾರ್ಜಿಯಾದ ರಾಣಿ ಕೆತೆವಾನಳ ಅಸ್ಥಿಯ ಅವಶೇಷ ದೊರೆಯಿತು. 2021ರಲ್ಲಿ ಭಾರತ ಸರ್ಕಾರ ಅದರ ಒಂದು ಭಾಗವನ್ನು ಜಾರ್ಜಿಯಾದ ಜನರಿಗೆ ಒಪ್ಪಿಸಿತು. ಹಾಳಾದ ದೇವಾಲಯವೊಂದು ದೂರದ ಒಂದು ಜನಾಂಗದ ಸ್ಮರಣೆಯನ್ನು ನಾಲ್ಕು ಶತಮಾನ ಒಡಲಲ್ಲಿಟ್ಟುಕೊಂಡಿತ್ತು.

ರೋಮಿನಲ್ಲಿ 2018ರ ನವೆಂಬರಿನಲ್ಲಿ, ಬಳಕೆ ತಪ್ಪಿದ ದೇವಾಲಯಗಳನ್ನು ಕುರಿತು ಪೋಪರ ಸಂಸ್ಕೃತಿ ಪರಿಷತ್ತು ಒಂದು ಅಂತರರಾಷ್ಟ್ರೀಯ ಸಮಾವೇಶವನ್ನು ಸೇರಿಸಿತು. ಅದರಿಂದ ಹೊರಬಂದ ಮಾರ್ಗಸೂಚಿಗಳು ಯೂರೋಪಿನ ಬರಿದಾಗುತ್ತಿರುವ ದೇವಾಲಯಗಳನ್ನು ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡಿವೆ. ಅಲ್ಲಿ ಕಟ್ಟಡ ಉಳಿದು ವಿಶ್ವಾಸಿಗಳು ಕಡಮೆಯಾದರು. ಇಲ್ಲಿ ವಿಶ್ವಾಸಿಗಳು ಉಳಿದರು, ಕಟ್ಟಡವನ್ನು ನೀರು ಒಯ್ಯಿತು. ಆದ್ದರಿಂದ ಯೂರೋಪಿನ ಪರಿಹಾರಗಳನ್ನು ಹಾಗೆಯೇ ತಂದು ಶೆಟ್ಟಿಹಳ್ಳಿಗೆ ಹೊಂದಿಸಲಾಗದು. ಆದರೆ ಅವುಗಳಲ್ಲಿ ಒಂದು ತತ್ತ್ವ ಎಲ್ಲೆಡೆಗೂ ಸಲ್ಲುತ್ತದೆ: ಕಟ್ಟಡದ ಭವಿಷ್ಯವನ್ನು ನಿರ್ಧರಿಸುವಾಗ ಅದರ ಸಮುದಾಯವನ್ನು ಕೇಳಬೇಕು.

ಈ ತತ್ತ್ವದ ಆಧಾರದಲ್ಲಿ ನಮ್ಮ ನಿಲುವನ್ನು ಹೇಳುತ್ತೇವೆ. ದೇವಾಲಯವನ್ನು ಮತ್ತೆ ಚಾವಣಿ ಹಾಕಿ ಹೊಸದಾಗಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ವರ್ಷಕ್ಕೆ ಕೆಲವು ತಿಂಗಳು ನೀರು ನಿಲ್ಲುವ ಕಡೆ ಅದು ನಿಲ್ಲದು. ನೆನೆಯುವುದು ಒಣಗುವುದು ಪ್ರತಿವರ್ಷ ನಡೆಯುವಾಗ ಸುಣ್ಣದ ಗಾರೆ ಸಡಿಲುತ್ತದೆ, ಗೋಡೆ ಬಿರಿಯುತ್ತದೆ. ಇರುವುದನ್ನು ಇರುವಂತೆ ಭದ್ರಪಡಿಸುವುದಷ್ಟೇ ಪ್ರಾಮಾಣಿಕವಾದ ಕೆಲಸ. ಅದಕ್ಕಿಂತ ಮೊದಲು ಮಾಡಬೇಕಾದ, ಕಡಮೆ ಹಣ ಬೇಡುವ ಕೆಲಸವೊಂದಿದೆ. 535ನೆಯ ನಿಯಮ ಪ್ರತಿ ಧರ್ಮಕೇಂದ್ರದಲ್ಲಿಯೂ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಇಡಬೇಕೆಂದೂ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದೂ ವಿಧಿಸುತ್ತದೆ. ಮುಳುಗಡೆಯ ಧರ್ಮಕೇಂದ್ರಗಳ ನಿಜವಾದ ಸ್ಮಾರಕ ಆ ಪುಸ್ತಕಗಳು. ಅವುಗಳ ಹೆಸರುಗಳ ಪಕ್ಕದಲ್ಲಿ, ಎತ್ತರದ ನೆಲಕ್ಕೆ ಹೋಗುವಾಗ ಹದಿಹರೆಯದವರಾಗಿದ್ದು ಇಂದು ಮುಪ್ಪಿನಲ್ಲಿರುವವರ ಬಾಯಿಮಾತನ್ನು ಇಟ್ಟು ಓದಿದರೆ ಒಂದು ಚರಿತ್ರೆ ಹುಟ್ಟುತ್ತದೆ. ಹೇಮಾವತಿಯ ತೀರದ ಹಳ್ಳಿಯ ಬದುಕು ಸಾಹಿತ್ಯಕ್ಕೆ ಎಂಥ ವಸ್ತುವೆಂಬುದನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ಬಹಳ ಹಿಂದೆಯೇ ಕನ್ನಡಿಗರಿಗೆ ತೋರಿಸಿಕೊಟ್ಟರು. ಅದೇ ತೀರದ ಕ್ರೈಸ್ತ ರೈತರ ಬದುಕೂ ಅಷ್ಟೇ ಗಮನಕ್ಕೆ ಅರ್ಹ. ಆ ಹಿರಿಯರಿಗೆ ಉಳಿದಿರುವ ವರ್ಷಗಳು ಹೆಚ್ಚಲ್ಲವಾದುದರಿಂದ ಈ ಕೆಲಸವನ್ನು ಗೋಡೆಗಿಂತ ಮೊದಲು ಕೈಗೆತ್ತಿಕೊಳ್ಳಬೇಕು.

6. ಬಯಲಿನ ಸಭೆಗಳಿಗೆ

ಇನ್ನು ನಮ್ಮ ಬಯಲಿನ ಮಾತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹಳೆಯ ಕಲ್ಲಿಗೆ ಬರವಿಲ್ಲ. ಹಾವೇರಿಯಲ್ಲಿ ಪುರಸಿದ್ಧೇಶ್ವರನ ಗುಡಿ ಇದೆ. ಸುತ್ತಲಿನ ನೆಲ ಏರಿದ್ದರಿಂದ ಅದು ಇಂದು ತಗ್ಗಿನಲ್ಲಿ ಕುಳಿತಂತೆ ಕಾಣುತ್ತದೆ. ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರದ ಮುಕ್ತೇಶ್ವರ, ವರದೆ ತುಂಗಭದ್ರೆಗಳು ಕೂಡುವಲ್ಲಿ ಗಳಗನಾಥದ ಗಳಗೇಶ್ವರ ನಿಂತಿದ್ದಾರೆ. ಚಾಲುಕ್ಯರ ಕಾಲದ ಈ ಗುಡಿಗಳನ್ನು ಪುರಾತತ್ತ್ವ ಇಲಾಖೆಯ ಫಲಕ ಮಾತ್ರ ಕಾಯುತ್ತಿಲ್ಲ. ಅವುಗಳ ಸುತ್ತಲಿನ ಊರು, ಜಾತ್ರೆ, ಹರಕೆ ಅವುಗಳನ್ನು ಕಾಯುತ್ತಿವೆ. ಕಲ್ಲು ಉಳಿಯುವುದು ಜನರ ಬಳಕೆಯಿಂದ ಎಂಬ ಪಾಠವನ್ನು ನಮ್ಮ ನೆರೆಯವರೇ ನಮಗೆ ಕಲಿಸಬಲ್ಲರು.

ಇಲ್ಲಿಯ ಕ್ರೈಸ್ತ ಸಭೆಗಳು ಸಣ್ಣವು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಚರಿತ್ರೆ ಈ ಸೀಮೆಯ ನೆರೆಯದು; ಕಥೋಲಿಕ ಸಭೆಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ಎರಡೂ ಕಡೆಗಳಲ್ಲಿ, ಕೆಲಸಕ್ಕಾಗಿ ಬಂದು ನೆಲೆಸಿದ ಕುಟುಂಬಗಳು, ವರ್ಗಾವಣೆಯ ಮೇಲೆ ಬಂದು ಮೂರು ವರ್ಷಕ್ಕೆ ಹೊರಡುವ ನೌಕರರು, ಮೆಣಸಿನಕಾಯಿ ಮಾರುಕಟ್ಟೆಯ ಹಂಗಾಮಿಗೆ ಬಂದು ಹೋಗುವ ದುಡಿಯುವ ಜನ ಸೇರಿ ಒಂದು ಸಭೆಯಾಗುತ್ತದೆ. ಇಂಥ ಸಭೆಗಳಲ್ಲಿ ಒಂದು ಕೀಳರಿಮೆಯನ್ನು ಕಾಣುತ್ತೇವೆ: ತಮಗೆ ಹೇಳಿಕೊಳ್ಳುವ ದೇವಾಲಯವಿಲ್ಲ, ಆದುದರಿಂದ ಚರಿತ್ರೆಯಿಲ್ಲ. ಆ ಕೀಳರಿಮೆಯಿಂದ ಶಕ್ತಿ ಮೀರಿ ಗೋಪುರ ಎತ್ತುವ, ಸಾಲ ಮಾಡುವ ಉತ್ಸಾಹ ಹುಟ್ಟುತ್ತದೆ. ದಾಖಲೆ ಪುಸ್ತಕ ಗೆದ್ದಲು ಹಿಡಿಯುತ್ತಿರುತ್ತದೆ.

ಶೆಟ್ಟಿಹಳ್ಳಿ ಈ ಸಭೆಗಳಿಗೆ ಹೇಳುವ ಮಾತು ಇದಕ್ಕೆ ಸಂಬಂಧಿಸಿದ್ದು. ಅಲ್ಲಿ ಗೋಪುರವಿತ್ತು, ಕಮಾನುಗಳಿದ್ದವು. ಅವು ಸಭೆಯನ್ನು ಕಾಪಾಡಲಿಲ್ಲ, ಸಭೆಯೇ ತನ್ನನ್ನು ತಾನು ಎತ್ತಿಕೊಂಡು ಹೋಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ಸಂವಿಧಾನದ 26ನೆಯ ಪರಿಚ್ಛೇದದಲ್ಲಿ, ಸಣ್ಣವೂ ಬಡವೂ ಚದುರಿದವೂ ಆದ ಸಮುದಾಯಗಳಲ್ಲಿ ಕ್ರಿಸ್ತರು ಸನ್ನಿಹಿತರಾಗಿದ್ದಾರೆಂದು ಬೋಧಿಸುತ್ತದೆ. ಇದನ್ನು ಸಮಾಧಾನದ ಮಾತೆಂದು ಓದುವವರು ಅದನ್ನು ಅರ್ಧ ಮಾತ್ರ ಓದಿದ್ದಾರೆ. ಸನ್ನಿಧಿ ಇರುವಲ್ಲಿ ಚರಿತ್ರೆಯೂ ಇದೆ. ಚರಿತ್ರೆ ಇರುವಲ್ಲಿ ಅದನ್ನು ಬರೆದಿಡುವ ಹೊಣೆಯೂ ಇದೆ. ರಾಣೆಬೆನ್ನೂರಿನ ಅಥವಾ ಬ್ಯಾಡಗಿಯ ಒಂದು ಸಭೆಯಲ್ಲಿ ಯಾರ ಮನೆಯಲ್ಲಿ ಮೊದಲ ಪ್ರಾರ್ಥನೆ ನಡೆಯಿತು, ಯಾವ ಅಜ್ಜಿ ಮಕ್ಕಳಿಗೆ ಜಪ ಕಲಿಸಿದಳು, ಯಾರು ಊರು ಬಿಟ್ಟು ಎಲ್ಲಿಗೆ ಹೋದರು ಎಂಬುದನ್ನು ಈ ವರ್ಷವೇ ಬರೆಯಬಹುದು. ಅದಕ್ಕೆ ಅಣೆಕಟ್ಟೂ ಬೇಕಿಲ್ಲ, ಹಾಳುಗೋಡೆಯೂ ಬೇಕಿಲ್ಲ.

ಕೊನೆಯದಾಗಿ ಒಂದು ಸಂಗತಿ. ಜಪಮಾಲೆ ಮಾತೆಯ ಹಬ್ಬ ಬರುವುದು ಅಕ್ಟೋಬರ್ 7ರಂದು. ಮುಂಗಾರು ಮುಗಿಯುತ್ತಾ ಬಂದು ಹೇಮಾವತಿಯ ಜಲಾಶಯ ತುಂಬಿರುವ ಕಾಲ ಅದು. ಮಳೆ ಚೆನ್ನಾಗಿ ಆದ ವರ್ಷ, ತನ್ನ ಹೆಸರಿನ ಹಬ್ಬದ ದಿನ, ಹಳೆಯ ದೇವಾಲಯ ನೀರಿನಲ್ಲಿ ನಿಂತಿರುತ್ತದೆ; ಅದರೊಳಗೆ ಯಾರೂ ಹೋಗಲಾರರು. ಹಬ್ಬವಾದರೋ ನಿಲ್ಲುವುದಿಲ್ಲ. ಶೆಟ್ಟಿಹಳ್ಳಿಯಲ್ಲಿ ದೀಕ್ಷಾಸ್ನಾನ ಪಡೆದವರೂ ಅವರ ಮಕ್ಕಳು ಮೊಮ್ಮಕ್ಕಳೂ ಇರುವ ಕಡೆಗಳಲ್ಲೆಲ್ಲ ಅಂದು ಜಪಮಾಲೆಯ ಪ್ರಾರ್ಥನೆ ನಡೆಯುತ್ತದೆ. ಆ ದೇವಾಲಯದ ಚರಿತ್ರೆಯನ್ನು ಬರೆಯುವವರು ಆ ಮನೆಗಳಿಂದ ಪ್ರಾರಂಭಿಸಲಿ ಎಂದು ನಾವು ಕೋರುತ್ತೇವೆ.